ಬುದ್ಧಿಹಲ್ಲು: ಕೀಳಿಸುವ ಮುನ್ನ, ಕೀಳಿಸಿದ ಮೇಲೆ

ದವಡೆಯ ಸಾಲಿನ ತುತ್ತತುದಿಯಲ್ಲಿ, ಉಳಿದೆಲ್ಲ ಹಲ್ಲುಗಳೂ ಬಂದು ವರ್ಷಗಳು ಕಳೆದ ಮೇಲೆ ಮೂಡುವ ಹಲ್ಲೇ ಬುದ್ಧಿಹಲ್ಲು. ಮೇಲಿನ ದವಡೆಯಲ್ಲಿ ಎರಡು, ಕೆಳಗಿನ ದವಡೆಯಲ್ಲಿ ಎರಡು, ಒಟ್ಟು ನಾಲ್ಕು. ಅರೆಯುವ ದವಡೆಹಲ್ಲುಗಳಲ್ಲಿ ಮೊದಲನೆಯದು ಮಗುವಿಗೆ ಸುಮಾರು 6 ವರ್ಷವಾದಾಗ ಬರುತ್ತದೆ, ಎರಡನೆಯದು 12ರ ಸುಮಾರಿಗೆ. ಮೂರನೆಯದಾದ ಬುದ್ಧಿಹಲ್ಲು ಸಾಮಾನ್ಯವಾಗಿ 17ರಿಂದ 25ರ ನಡುವೆ ಒಸಡು ಸೀಳಿ ಹೊರಬರುತ್ತದೆ. ಹುಡುಗಾಟ ಕಳೆದು ತಿಳಿವಳಿಕೆ ಬಲಿಯುವ ವಯಸ್ಸು ಅದು. ಹೆಸರು ಹುಟ್ಟಿದ್ದೂ ಅದರಿಂದಲೇ.

ಈ ಹೆಸರು ಒಂದೇ ಭಾಷೆಯ ಸೊತ್ತಲ್ಲ. ರಾಯಚೂರು ಜಿಲ್ಲೆಯ ಸಿಂಧನೂರು ತಾಲ್ಲೂಕಿನಲ್ಲಿ, ಸಾಲಗುಂದದಂಥ ಊರುಗಳ ಕನ್ನಡಿಗರಿಗೆ ಅದು ಬುದ್ಧಿಹಲ್ಲು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ಈ ನೆಲದ ಉರ್ದು ಮಾತಿನ ಮನೆಗಳಲ್ಲಿ ಅದು ಅಕಲ್ ದಾಢ್. ತುಂಗಭದ್ರೆಯ ನೀರು ಹರಿದ ಮೇಲೆ ಬಂದು ಕ್ಯಾಂಪುಗಳಲ್ಲಿ ನೆಲೆಸಿದ ತೆಲುಗರಿಗೆ ಜ್ಞಾನದಂತಂ. ಪುನರ್ವಸತಿ ಕ್ಯಾಂಪುಗಳ ಬಂಗಾಳಿ ಕುಟುಂಬಗಳಿಗೆ ಆಕ್ಕೇಲ್ ದಾಂತ್. ಒಂದೇ ತಾಲ್ಲೂಕಿನ ನಾಲ್ಕು ಭಾಷೆಗಳಲ್ಲೂ ಅರ್ಥ ಒಂದೇ: ಬುದ್ಧಿ ಬರುವ ಹೊತ್ತಿಗೆ ಬರುವ ಹಲ್ಲು. ಅದು ಕೊಡುವ ನೋವೂ ನಾಲ್ಕು ಮನೆಗಳಲ್ಲಿ ಒಂದೇ.

ಕೊನೆಗೆ ಬಂದದ್ದಕ್ಕೆ ಜಾಗವಿಲ್ಲ

ತುಂಗಭದ್ರೆಯ ಎಡದಂಡೆ ಕಾಲುವೆಯ ಸೀಮೆಯಲ್ಲಿ ‘ಕೊನೆ ಭಾಗ’ ಎಂಬ ಮಾತಿಗೆ ವಿವರಣೆ ಬೇಕಿಲ್ಲ. ಮೇಲಿನ ಹೊಲಗಳಿಗೆಲ್ಲ ಹರಿದು, ಕೊನೆ ಭಾಗದ ಹೊಲಕ್ಕೆ ಬರುವ ಹೊತ್ತಿಗೆ ನೀರು ತೀರಿರುತ್ತದೆ. ದವಡೆಯಲ್ಲಿ ಬುದ್ಧಿಹಲ್ಲಿನ ಪಾಡೂ ಅದೇ. ಮುಂದಿನ ಹಲ್ಲುಗಳು ತಮ್ಮ ತಮ್ಮ ಜಾಗ ಹಿಡಿದು, ಮೂಳೆಯ ಬೆಳವಣಿಗೆ ಮುಗಿಯುತ್ತ ಬಂದಾಗ ಅದರ ಸರದಿ ಬರುತ್ತದೆ. ಆಗ ಕೆಳದವಡೆಯ ಹಿಂಭಾಗದಲ್ಲಿ, ಮೂಳೆ ಕಿವಿಯ ಕಡೆಗೆ ಮೇಲೇರುವ ಮೂಲೆಯಲ್ಲಿ, ಎಷ್ಟು ಜಾಗ ಉಳಿದಿದೆ ಎಂಬುದರ ಮೇಲೆ ಅದರ ಹಣೆಬರಹ ನಿಂತಿದೆ.

ಜಾಗ ಸಿಕ್ಕದ ಹಲ್ಲು ಮೂಳೆಯೊಳಗೆ ಪೂರ್ತಿಯಾಗಿ ಅಥವಾ ಅರ್ಧ ಹುದುಗಿ ನಿಂತುಬಿಡುತ್ತದೆ. ಹಾಗೆ ಸಿಕ್ಕಿಬಿದ್ದ ಹಲ್ಲು ಯಾವ ದಿಕ್ಕಿಗೆ ವಾಲಿದೆ ಎಂಬುದರ ಮೇಲೆ ಅದನ್ನು ನಾಲ್ಕು ಬಗೆಯಾಗಿ ವಿಂಗಡಿಸುವ ಕ್ರಮವನ್ನು ಅಮೆರಿಕದ ಜಾರ್ಜ್ ವಿಂಟರ್ 1926ರಲ್ಲಿ ರೂಢಿಗೆ ತಂದರು. ಮುಂದಿನ ಹಲ್ಲಿನ ಕಡೆಗೆ ಬಾಗಿದ್ದು, ಹಿಂದಕ್ಕೆ ಬಾಗಿದ್ದು, ನೆಟ್ಟಗೆ ನಿಂತರೂ ಮೇಲೆ ಬರಲಾಗದ್ದು, ಪೂರ್ತಿ ಅಡ್ಡ ಮಲಗಿದ್ದು. ಕೆಳದವಡೆಯಲ್ಲಿ ಮುಂದಕ್ಕೆ ಬಾಗಿದ್ದೇ ಹೆಚ್ಚು. ಜಗತ್ತಿನ ಹಲವು ದೇಶಗಳ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ ನೂರರಲ್ಲಿ ಸುಮಾರು 24 ಜನರಲ್ಲಿ ಸಿಕ್ಕಿಬಿದ್ದ ಬುದ್ಧಿಹಲ್ಲು ಕಂಡುಬರುತ್ತದೆ. ಇನ್ನು ಕೆಲವರಿಗೆ ಒಂದೋ ಎರಡೋ ಬುದ್ಧಿಹಲ್ಲು ಹುಟ್ಟುವುದೇ ಇಲ್ಲ. ಅದು ಕಾಯಿಲೆಯಲ್ಲ.

ಹಿಂದಿನವರ ದವಡೆಯಲ್ಲಿ ಈ ಹಲ್ಲಿಗೆ ಜಾಗವಿತ್ತು. ಮಸ್ಕಿ, ಲಿಂಗಸುಗೂರು ಸೀಮೆಯ ಪಿಕ್ಲಿಹಾಳ ಮುಂತಾದ ಕಡೆ ನವಶಿಲಾಯುಗದ ಜನ ಬದುಕಿದ ಕುರುಹುಗಳು ದೊರೆತಿವೆ. ಅಂಥ ಕಾಲದ ಜನ ಕಾಳನ್ನು ಕಲ್ಲಿನ ಮೇಲೆ ಅರೆದು ತಿನ್ನುತ್ತಿದ್ದರು. ಹಿಟ್ಟಿನ ಜತೆ ಕಲ್ಲಿನ ಪುಡಿಯೂ ಬಾಯಿ ಸೇರುತ್ತಿತ್ತು. ಗಡುಸು ಆಹಾರವನ್ನು ಚಿಕ್ಕಂದಿನಿಂದ ಅಗಿದ ದವಡೆ ಚೆನ್ನಾಗಿ ಬೆಳೆಯುತ್ತದೆ. ಒಂದಕ್ಕೊಂದು ಉಜ್ಜಿ ಸವೆದ ಹಲ್ಲುಗಳ ನಡುವೆ ಕೊನೆಯದಕ್ಕೂ ಎಡೆ ಸಿಗುತ್ತದೆ. ಬೇಯಿಸಿದ, ನುಣ್ಣಗೆ ಬೀಸಿದ, ಮೆತ್ತಗಿನ ಆಹಾರ ಹೆಚ್ಚಿದಂತೆ ದವಡೆ ಕಿರಿದಾಯಿತು, ಹಲ್ಲಿನ ಸಂಖ್ಯೆ ಮಾತ್ರ ಹಾಗೇ ಉಳಿಯಿತು. ನಾಗರಿಕ ಜೀವನದಲ್ಲಿ ಬುದ್ಧಿಹಲ್ಲು ಕ್ಷೀಣಿಸುತ್ತ ಬರುತ್ತಿದೆ ಎಂಬುದನ್ನು ಚಾರ್ಲ್ಸ್ ಡಾರ್ವಿನ್ 1871ರಲ್ಲೇ ಗಮನಿಸಿ ಬರೆದಿದ್ದರು.

ನೋವಿನ ಅರಿವು ಅದಕ್ಕಿಂತ ಬಹಳ ಹಳೆಯದು. ಸುಶ್ರುತಸಂಹಿತೆಯಲ್ಲಿ ಹಲ್ಲಿನ ಬುಡದ ರೋಗಗಳ ಸಾಲಿನಲ್ಲಿ ‘ಅಧಿಮಾಂಸ’ ಎಂಬುದು ಬರುತ್ತದೆ. ದವಡೆಯ ಕೊನೆಯ ಹಲ್ಲಿನ ಬಳಿ ದೊಡ್ಡ ಬಾವು, ತೀವ್ರ ನೋವು, ಜೊಲ್ಲು ಸುರಿಯುವುದು ಅದರ ಲಕ್ಷಣಗಳು. ಬೆಳೆದ ಮಾಂಸವನ್ನು ಕತ್ತರಿಸಿ ತೆಗೆದು, ಜೇನು ಬೆರೆಸಿದ ಔಷಧ ಹಚ್ಚುವುದು ಅಲ್ಲಿ ಹೇಳಿದ ಚಿಕಿತ್ಸೆ. ಇಂದಿನ ದಂತವೈದ್ಯರು ಬುದ್ಧಿಹಲ್ಲಿನ ಸುತ್ತಲಿನ ಒಸಡಿನ ಉರಿಯೂತವನ್ನು ವಿವರಿಸುವಾಗ ಹೇಳುವುದೂ ಬಹುಮಟ್ಟಿಗೆ ಇದನ್ನೇ.

ತೊಂದರೆ ಶುರುವಾಗುವ ಬಗೆ

ಪೂರ್ತಿ ಹೊರಬಂದ ಹಲ್ಲಿಗಿಂತ, ಪೂರ್ತಿ ಹುದುಗಿದ ಹಲ್ಲಿಗಿಂತ, ಅರ್ಧ ಹೊರಬಂದ ಹಲ್ಲೇ ಹೆಚ್ಚು ಕಾಡುತ್ತದೆ. ಅದರ ಮೇಲೆ ಒಸಡಿನ ಒಂದು ಪದರ ಮುಚ್ಚಳದಂತೆ ಉಳಿದಿರುತ್ತದೆ. ಆ ಮುಚ್ಚಳದ ಅಡಿಗೆ ಅನ್ನದ ಅಗುಳು, ಶೇಂಗಾ ಪುಡಿಯ ಚೂರು, ಅಡಿಕೆಯ ಹರಳು ಸೇರಿಕೊಳ್ಳುತ್ತವೆ. ಬ್ರಷ್ ಅಲ್ಲಿಗೆ ತಲುಪುವುದಿಲ್ಲ. ಒಳಗೆ ಕೊಳೆತು, ಸೂಕ್ಷ್ಮಾಣುಗಳು ಬೆಳೆದು ಒಸಡು ಊದಿಕೊಳ್ಳುತ್ತದೆ. ಊದಿದ ಒಸಡನ್ನು ಮೇಲಿನ ಹಲ್ಲು ಪ್ರತಿ ಸಲ ಕಚ್ಚುತ್ತದೆ. ಬಾಯಿ ವಾಸನೆ, ನುಂಗುವಾಗ ನೋವು, ಕಿವಿಯ ಕಡೆಗೆ ಎಳೆಯುವ ಸೆಳೆತ, ಬಾಯಿ ಎರಡು ಬೆರಳಿನಷ್ಟೂ ತೆರೆಯದಿರುವುದು ಅದರ ಗುರುತುಗಳು. ನಾಲ್ಕಾರು ದಿನಕ್ಕೆ ತಗ್ಗುತ್ತದೆ, ತಿಂಗಳೆರಡು ತಿಂಗಳಿಗೆ ಮತ್ತೆ ಬರುತ್ತದೆ.

ಮುಂದಕ್ಕೆ ಬಾಗಿದ ಹಲ್ಲು ಇನ್ನೊಂದು ಹಾನಿ ಮಾಡುತ್ತದೆ. ಅದು ಒರಗಿದ ಜಾಗದಲ್ಲಿ ಕೊಳೆ ನಿಂತು, ಮುಂದಿನ ಒಳ್ಳೆಯ ದವಡೆಹಲ್ಲು ಹಿಂಬದಿಯಿಂದ ಹುಳುಕಾಗುತ್ತದೆ. ಕನ್ನಡಿಯಲ್ಲಿ ನೋಡಿದರೆ ಕಾಣದ ಈ ಹುಳುಕು ನರ ಮುಟ್ಟಿದ ಮೇಲೆಯೇ ನೋವು ಕೊಡುತ್ತದೆ. ಆ ವೇಳೆಗೆ ಒಂದರ ಬದಲು ಎರಡು ಹಲ್ಲು ಕಳೆದುಕೊಳ್ಳುವ ಪ್ರಸಂಗ ಬರಬಹುದು. ಮೂಳೆಯೊಳಗೆ ಹುದುಗಿದ ಹಲ್ಲಿನ ಸುತ್ತ ನೀರುಗುಳ್ಳೆ ಬೆಳೆದು ದವಡೆಯನ್ನು ಒಳಗಿಂದೊಳಗೇ ಟೊಳ್ಳು ಮಾಡುವುದೂ ಉಂಟು, ಇದು ಅಪರೂಪ.

ಹಳ್ಳಿಗಳಲ್ಲಿ ಮೊದಲ ಮದ್ದು ಲವಂಗ. ಲವಂಗದೆಣ್ಣೆಯಲ್ಲಿರುವ ಯುಜಿನಾಲ್ ಎಂಬ ಅಂಶ ನೋವನ್ನು ತುಸು ಹೊತ್ತು ಮರಗಟ್ಟಿಸುವುದು ನಿಜ. ಆದರೆ ತಂಬಾಕಿನ ಪುಡಿ ಒತ್ತುವುದು, ನೋವಿನ ಮಾತ್ರೆಯನ್ನೇ ಒಸಡಿನ ಮೇಲೆ ಇಟ್ಟುಕೊಳ್ಳುವುದು ಒಸಡನ್ನು ಸುಡುತ್ತವೆ. ಹೊರಗಿನಿಂದ ಗಲ್ಲಕ್ಕೆ ಬಿಸಿ ಶಾಖ ಕೊಟ್ಟರೆ ಕೀವು ಚರ್ಮದ ಕಡೆಗೆ ದಾರಿ ಮಾಡಿಕೊಳ್ಳಬಹುದು. ಔಷಧ ಅಂಗಡಿಯಲ್ಲಿ ಕೇಳಿ ತಂದ ಆ್ಯಂಟಿಬಯಾಟಿಕ್ ಎರಡು ದಿನ ನುಂಗಿ, ನೋವು ಇಳಿದ ಕೂಡಲೇ ನಿಲ್ಲಿಸುವುದು ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು. ನೋವು ಇಳಿಯುತ್ತದೆ, ಕಾರಣ ಅಲ್ಲೇ ಉಳಿಯುತ್ತದೆ.

ನಿರ್ಲಕ್ಷ್ಯ ಜೀವಕ್ಕೇ ಬರುವ ಸಂದರ್ಭವೂ ಇದೆ. ಕೆಳದವಡೆಯ ಕೊನೆಯ ಹಲ್ಲುಗಳ ಬೇರು ಗಂಟಲಿನ ಪಕ್ಕದ ಸಡಿಲ ಜಾಗಗಳಿಗೆ ಹತ್ತಿರ. ಅಲ್ಲಿಂದ ಸೋಂಕು ನಾಲಿಗೆಯ ಅಡಿಗೂ ಕತ್ತಿಗೂ ಇಳಿದರೆ ಗದ್ದದ ಕೆಳಗೆ ಹಲಗೆಯಂತೆ ಗಟ್ಟಿಯಾದ ಬಾವು ಬಂದು, ನಾಲಿಗೆ ಮೇಲೆದ್ದು, ಉಸಿರಿನ ದಾರಿಯೇ ಮುಚ್ಚಬಹುದು. ಜರ್ಮನಿಯ ವೈದ್ಯ ಲುಡ್ವಿಗ್ 1836ರಲ್ಲಿ ವಿವರಿಸಿದ ಈ ಸ್ಥಿತಿ ಇಂದಿಗೂ ಅವರ ಹೆಸರಿನಲ್ಲೇ ಗುರುತಾಗಿದೆ. ಗದ್ದದಡಿ ಬಾವು, ಜ್ವರ, ಉಗುಳು ನುಂಗಲಾಗದ ಸಂಕಟ ಒಟ್ಟಿಗೆ ಕಂಡರೆ ಬೆಳಗಾಗಲೆಂದು ಕಾಯಬಾರದು. ಆ ರಾತ್ರಿಯೇ ದೊಡ್ಡಾಸ್ಪತ್ರೆ ಸೇರಬೇಕು.

ಕೀಳಿಸಬೇಕೇ, ಬಿಡಬೇಕೇ

ಬುದ್ಧಿಹಲ್ಲು ಎಂದ ಮಾತ್ರಕ್ಕೆ ಕೀಳಿಸಲೇಬೇಕೆಂದಿಲ್ಲ. ನೆಟ್ಟಗೆ ಬಂದು, ಎದುರಿನ ಹಲ್ಲಿನೊಂದಿಗೆ ಸರಿಯಾಗಿ ಕೂಡಿಕೊಂಡು, ಬ್ರಷ್‌ಗೆ ಸಿಗುವ ಬುದ್ಧಿಹಲ್ಲು ಉಳಿದ ಹಲ್ಲುಗಳಂತೆಯೇ ಜೀವಮಾನವಿಡೀ ದುಡಿಯಬಲ್ಲದು. ಹುದುಗಿದ್ದರೂ ರೋಗವಿಲ್ಲದ ಹಲ್ಲನ್ನು ‘ಮುಂದೆ ತೊಂದರೆ ಆದೀತು’ ಎಂಬ ಒಂದೇ ಕಾರಣಕ್ಕೆ ತೆಗೆಯುವುದು ಬೇಡ ಎಂದು ಬ್ರಿಟನ್ನಿನ ಆರೋಗ್ಯ ಮಾರ್ಗದರ್ಶಿ ಸಂಸ್ಥೆ ‘ನೈಸ್’ 2000ದಲ್ಲಿ ಸೂಚಿಸಿತು. ಮುಂದಿನ ಹಲ್ಲುಗಳು ವಕ್ರವಾಗುವುದು ಬುದ್ಧಿಹಲ್ಲಿನ ತಳ್ಳುವಿಕೆಯಿಂದ ಎಂಬ ನಂಬಿಕೆಗೂ ಗಟ್ಟಿ ಆಧಾರ ಸಿಕ್ಕಿಲ್ಲ.

ಮತ್ತೆ ಮತ್ತೆ ಬರುವ ಒಸಡಿನ ಬಾವು, ತುಂಬಿಸಲಾಗದ ಹುಳುಕು, ಮುಂದಿನ ಹಲ್ಲಿಗೆ ಹಾನಿ, ನೀರುಗುಳ್ಳೆ ಅಥವಾ ಗಡ್ಡೆ, ಬುದ್ಧಿಹಲ್ಲಿನ ಮೂಲಕ ಸಾಗಿದ ದವಡೆಯ ಮುರಿತ, ಇವು ಕೀಳಿಸಲು ಸ್ಪಷ್ಟ ಕಾರಣಗಳು. ಕಾರಣವಿದ್ದಾಗ ಮುಂದೂಡಿ ಪ್ರಯೋಜನವಿಲ್ಲ. ಇಪ್ಪತ್ತರ ಆಸುಪಾಸಿನಲ್ಲಿ ಮೂಳೆಗೆ ಬಳುಕುವ ಗುಣವಿರುತ್ತದೆ, ಗಾಯ ಬೇಗ ಮಾಯುತ್ತದೆ. ವಯಸ್ಸಾದಂತೆ ಮೂಳೆ ಗಡುಸಾಗಿ, ಬೇರು ನರದ ಹತ್ತಿರ ಬಲಿತು ಕೆಲಸ ಕಠಿಣವಾಗುತ್ತದೆ. ಕಾರಣವಿಲ್ಲದ ಹಲ್ಲನ್ನು ಕಾಯಬಹುದು. ಆದರೆ ಆಗಾಗ ತೋರಿಸುತ್ತ ಕಾಯಬೇಕು.

ಕಲ್ಯಾಣ ಕರ್ನಾಟಕದಲ್ಲಿ ಇನ್ನೊಂದು ಮಾತು ಸೇರಿಸಲೇಬೇಕು. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿದರೂ ಅಡಿಕೆ, ತಂಬಾಕು ಅಗಿಯುವ ಚಟ ಹೋಗಿಲ್ಲ. ವರ್ಷಗಟ್ಟಲೆ ಅಡಿಕೆ ಅಗಿದವರ ಗಲ್ಲದ ಒಳಪದರ ನಾರುಗಟ್ಟಿ ಬಿಗಿಯುತ್ತದೆ. ಬಾಯಿ ಅಗಲ ತೆರೆಯುವುದೇ ನಿಲ್ಲುತ್ತದೆ. ಅಂಥ ಬಾಯಿಯಲ್ಲಿ ಕೊನೆಯ ಹಲ್ಲಿಗೆ ಉಪಕರಣ ಮುಟ್ಟಿಸುವುದೇ ಕಷ್ಟ. ಬಾಯಿ ಇನ್ನೂ ಚೆನ್ನಾಗಿ ತೆರೆಯುವಾಗಲೇ ಚಟ ಬಿಡುವುದು, ಹಲ್ಲು ತೋರಿಸುವುದು ಎರಡೂ ಜಾಣತನ.

ಸಾಲಗುಂದದಿಂದ ರಾಯಚೂರಿಗೆ

ಮೇಲಿನ ಬುದ್ಧಿಹಲ್ಲನ್ನು, ಕೆಳಗಿನದಾದರೂ ನೆಟ್ಟಗೆ ಬಂದಿದ್ದನ್ನು, ಸಿಂಧನೂರಿನಂಥ ತಾಲ್ಲೂಕು ಕೇಂದ್ರದ ದಂತವೈದ್ಯರೇ ಸಲೀಸಾಗಿ ತೆಗೆಯುತ್ತಾರೆ. ಮೂಳೆ ಕೊರೆಯಬೇಕಾದ, ನರಕ್ಕೆ ಅಂಟಿದಂತಿರುವ ಹಲ್ಲಿಗೆ ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸೆಯಲ್ಲಿ ಎಂಡಿಎಸ್ ಮಾಡಿದ ತಜ್ಞರು ಬೇಕು. ಜಿಲ್ಲಾ ಕೇಂದ್ರ ರಾಯಚೂರಿನಲ್ಲಿ ಎಎಂಇ ಮತ್ತು ನವೋದಯ ದಂತ ವೈದ್ಯಕೀಯ ಕಾಲೇಜುಗಳಿವೆ. ಬೋಧನಾ ಆಸ್ಪತ್ರೆಗಳಲ್ಲಿ ಕಿರಿಯ ವೈದ್ಯರು ಹಿರಿಯರ ಕಣ್ಗಾವಲಿನಲ್ಲಿ ಚಿಕಿತ್ಸೆ ನೀಡುತ್ತಾರೆ.

ಸಿಂಧನೂರಿನಿಂದ ಮಾನ್ವಿ ಮಾರ್ಗವಾಗಿ ರಾಯಚೂರು ಸುಮಾರು 90 ಕಿ.ಮೀ. ದೂರ. ಈ ದೂರವನ್ನು ಲೆಕ್ಕಕ್ಕೆ ಹಿಡಿದೇ ದಿನ ಗೊತ್ತುಮಾಡಬೇಕು. ಬೆಳಗಿನ ಹೊತ್ತಿಗೆ ಶಸ್ತ್ರಚಿಕಿತ್ಸೆ ಆದರೆ ಮಧ್ಯಾಹ್ನದವರೆಗೆ ಆಸ್ಪತ್ರೆಯ ಬಳಿಯೇ ಇದ್ದು, ರಕ್ತ ನಿಂತಿದ್ದು ಖಚಿತವಾದ ಮೇಲೆ ಬಸ್ ಹತ್ತಬಹುದು. ಜತೆಗೊಬ್ಬರು ಇರಬೇಕು. ಬದಲಾಯಿಸಿ ಕಚ್ಚಿಕೊಳ್ಳಲು ನಾಲ್ಕು ಗಾಜ್ (ಗಾಯಕ್ಕಿಡುವ ಅರಿವೆ) ತುಂಡು ಕೇಳಿ ಇಟ್ಟುಕೊಳ್ಳಬೇಕು. ಹೊಲಿಗೆ ಬಿಚ್ಚಲು ಮತ್ತೊಮ್ಮೆ ಅಷ್ಟು ದೂರ ಹೋಗುವುದು ಕಷ್ಟವಾದರೆ, ತಾನಾಗಿ ಕರಗುವ ದಾರ ಹಾಕಲಾಗುತ್ತದೆಯೇ, ಊರ ಹತ್ತಿರದ ದಂತವೈದ್ಯರಲ್ಲಿ ಬಿಚ್ಚಿಸಬಹುದೇ ಎಂದು ಮೊದಲೇ ಕೇಳುವುದು ಒಳ್ಳೆಯದು. ನಾಟಿಯ ದಿನಗಳಲ್ಲಿ, ಸುಗ್ಗಿಯ ನಡುವೆ ಕೀಳಿಸಿಕೊಂಡು ಮರುದಿನವೇ ಗದ್ದೆಗಿಳಿಯುವುದು ಸಲ್ಲದು. ಬಗ್ಗಿ ದುಡಿದರೆ ತಲೆಯ ಕಡೆಗೆ ರಕ್ತದ ಒತ್ತಡ ಹೆಚ್ಚಿ ಗಾಯ ಮತ್ತೆ ಒಸರುತ್ತದೆ.

ಶಸ್ತ್ರಚಿಕಿತ್ಸೆಗೆ ಮುಂಚೆ ಎಕ್ಸ್‌ರೇ ಅಗತ್ಯ. ಒಂದೇ ಚಿತ್ರದಲ್ಲಿ ಎರಡೂ ದವಡೆಗಳನ್ನು ಕಿವಿಯಿಂದ ಕಿವಿಯವರೆಗೆ ತೋರಿಸುವ ಒಪಿಜಿ ಎಂಬ ಎಕ್ಸ್‌ರೇಯನ್ನು ಬೆಳೆಸಿದವರು ಫಿನ್‌ಲೆಂಡಿನ ಯೂರ್ಯೋ ಪಾಟೆರೊ. ಹಲ್ಲು ಎತ್ತ ವಾಲಿದೆ, ಬೇರುಗಳು ಎಷ್ಟು, ಕೊಕ್ಕೆಯಂತೆ ಬಾಗಿವೆಯೇ, ಕೆಳದವಡೆಯೊಳಗೆ ಸಾಗುವ ನರದ ಕಾಲುವೆಗೂ ಬೇರಿಗೂ ಎಷ್ಟು ಅಂತರ ಎಂಬುದೆಲ್ಲ ಅದರಲ್ಲಿ ತಿಳಿಯುತ್ತದೆ. ಬೇರು ನರದ ಮೇಲೆಯೇ ಕುಳಿತಂತೆ ಕಂಡರೆ ಮೂರು ಆಯಾಮದ ಸ್ಕ್ಯಾನ್ ಮಾಡಿಸುತ್ತಾರೆ. ಅಂಥಲ್ಲಿ ಹಲ್ಲಿನ ತಲೆಭಾಗವನ್ನಷ್ಟೇ ಕತ್ತರಿಸಿ ತೆಗೆದು, ಬೇರನ್ನು ಉದ್ದೇಶಪೂರ್ವಕವಾಗಿ ಬಿಡುವ ಕ್ರಮವೂ ಇದೆ.

ವೈದ್ಯರ ಮುಂದೆ ಮುಚ್ಚಿಡಬಾರದ ಸಂಗತಿಗಳು ಕೆಲವಿವೆ: ಸಕ್ಕರೆ ಕಾಯಿಲೆ, ಬಿಪಿ, ಹೃದಯದ ತೊಂದರೆ, ಆಸ್ತಮಾ, ರಕ್ತ ತೆಳುವಾಗಿಸುವ ಮಾತ್ರೆ, ಮೂಳೆ ಸವಕಳಿಗೆ ತೆಗೆದುಕೊಂಡ ಚುಚ್ಚುಮದ್ದು, ಹಿಂದೆ ಯಾವುದಾದರೂ ಔಷಧ ಒಗ್ಗದೆ ಹೋದದ್ದು, ಗರ್ಭಿಣಿಯಾಗಿರುವುದು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಹಲ್ಲು ಕೀಳಿಸಬೇಕೆಂದು ರೋಗಿ ತಾನೇ ನಿಲ್ಲಿಸಕೂಡದು. ಹೃದಯದ ವೈದ್ಯರನ್ನು ಕೇಳಿಯೇ ತೀರ್ಮಾನ. ಬಾವು ಕೆರಳಿದ್ದಾಗ ಮೊದಲು ಸೋಂಕು ತಗ್ಗಿಸಿ, ಆಮೇಲೆ ಹಲ್ಲು ತೆಗೆಯುವುದು ಸಾಮಾನ್ಯ ಪದ್ಧತಿ.

ಕುರ್ಚಿಯ ಮೇಲಿನ ಒಂದು ಗಂಟೆ

ಹಲ್ಲು ಕೀಳುವುದು ಎಂದರೆ ಹೆದರುವ ಮನಸ್ಸಿಗೆ ಒಂದು ಚರಿತ್ರೆ ಧೈರ್ಯ ಕೊಡಬಲ್ಲದು. ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ 1844ರ ಡಿಸೆಂಬರ್ 11ರಂದು ನೈಟ್ರಸ್ ಆಕ್ಸೈಡ್ ಅನಿಲ ಸೇದಿ, ತಮ್ಮದೇ ಬುದ್ಧಿಹಲ್ಲನ್ನು ಸಹೋದ್ಯೋಗಿಯೊಬ್ಬರಿಂದ ಕೀಳಿಸಿಕೊಂಡರು. ನೋವಿಲ್ಲದ ಶಸ್ತ್ರಚಿಕಿತ್ಸೆಯ ಯುಗಕ್ಕೆ ಬಾಗಿಲು ತೆರೆದ ಪ್ರಯೋಗಗಳಲ್ಲಿ ಅದೂ ಒಂದು. ಇಂದು ಹೆಚ್ಚಿನ ಬುದ್ಧಿಹಲ್ಲುಗಳಿಗೆ ಪ್ರಜ್ಞೆ ತಪ್ಪಿಸುವ ಅಗತ್ಯವೇ ಇಲ್ಲ. 1943ರಲ್ಲಿ ಸ್ವೀಡನ್ನಿನಲ್ಲಿ ನಿಲ್ಸ್ ಲೊಫ್‌ಗ್ರೆನ್ ತಯಾರಿಸಿದ ಲಿಡೊಕೇನ್ ಎಂಬ ಔಷಧದ ಇಂಜೆಕ್ಷನ್ ಸಾಕು. ಅದಕ್ಕೆ ತುಸು ಅಡ್ರಿನಲಿನ್ ಬೆರೆಸಿದರೆ ರಕ್ತನಾಳಗಳು ಸಂಕುಚಿಸಿ ರಕ್ತಸ್ರಾವ ತಗ್ಗುತ್ತದೆ, ಮರಗಟ್ಟು ಹೆಚ್ಚು ಹೊತ್ತು ನಿಲ್ಲುತ್ತದೆ.

ಕೆಳದವಡೆಯ ಹಲ್ಲಿಗಾದರೆ ಸೂಜಿ ಹಲ್ಲಿನ ಬಳಿ ಚುಚ್ಚುವುದಿಲ್ಲ. ಬಾಯಿಯ ಹಿಂದಿನ ಮೂಲೆಯಲ್ಲಿ, ನರ ದವಡೆಯ ಮೂಳೆಯೊಳಗೆ ಪ್ರವೇಶಿಸುವ ಜಾಗದಲ್ಲಿ ಔಷಧ ಬಿಡುತ್ತಾರೆ. ಕೆಲವು ನಿಮಿಷಗಳಲ್ಲಿ ಆ ಬದಿಯ ಕೆಳತುಟಿ ಜುಮ್ಮೆಂದು, ದಪ್ಪಗಾದಂತೆ, ತನ್ನದಲ್ಲವೆಂಬಂತೆ ಅನಿಸತೊಡಗುತ್ತದೆ. ವೈದ್ಯರು ‘ತುಟಿ ದಪ್ಪಾತೇನು?’ ಎಂದು ಕೇಳುವುದು ಅದಕ್ಕೇ. ಉತ್ತರ ಹೌದೆಂದಾದರೆ ನರ ಮಲಗಿದೆ ಎಂದರ್ಥ. ಆಮೇಲೆ ಒತ್ತಡ ತಿಳಿಯುತ್ತದೆ, ಸದ್ದು ಕೇಳುತ್ತದೆ, ಚುಚ್ಚುವ ನೋವು ಇರಬಾರದು. ಇದ್ದರೆ ಎಡಗೈ ಎತ್ತಿ ತಿಳಿಸಬೇಕು. ತಡೆದುಕೊಳ್ಳುವುದು ಶೌರ್ಯವಲ್ಲ, ಇನ್ನೊಂದಿಷ್ಟು ಔಷಧ ಕೊಡಲು ವೈದ್ಯರು ಸಿದ್ಧರಿರುತ್ತಾರೆ.

ಸಿಕ್ಕಿಬಿದ್ದ ಹಲ್ಲಾದರೆ ಒಸಡನ್ನು ಕೊಯ್ದು ಪುಟ ತೆರೆದಂತೆ ಪಕ್ಕಕ್ಕೆ ಸರಿಸುತ್ತಾರೆ. ಹಲ್ಲನ್ನು ಕವಿದ ಮೂಳೆಯನ್ನು ತಿರುಗುವ ಸಣ್ಣ ಬೈರಿಗೆಯಿಂದ ಸುತ್ತಲೂ ಬಿಡಿಸುತ್ತಾರೆ. ಈ ಕೆಲಸದುದ್ದಕ್ಕೂ ಸಹಾಯಕರು ಸಲಾಯಿನ್ ನೀರು ಸುರಿಯುತ್ತಲೇ ಇರುತ್ತಾರೆ. ಮೂಳೆಯ ಬಿಸಿ 47 ಡಿಗ್ರಿ ಸೆಲ್ಸಿಯಸ್ ತಲುಪಿ ಒಂದು ನಿಮಿಷ ನಿಂತರೂ ಅದರ ಜೀವಕೋಶಗಳಿಗೆ ಪೆಟ್ಟು ಬೀಳುತ್ತದೆ. ಸುರಿಯುವ ನೀರು ಆ ಪೆಟ್ಟನ್ನು ತಪ್ಪಿಸುತ್ತದೆ. ಅಡ್ಡ ಮಲಗಿದ ಹಲ್ಲನ್ನು ಇಡಿಯಾಗಿ ಎಳೆಯಲು ಹೋಗುವುದಿಲ್ಲ. ತಲೆಯನ್ನು ಬೇರಿನಿಂದ ಬೇರ್ಪಡಿಸಿ, ಬೇಕಾದರೆ ಬೇರುಗಳನ್ನೂ ಒಂದೊಂದಾಗಿ ಸೀಳಿ, ಸನ್ನೆಗೋಲಿನಂಥ ಉಪಕರಣದಿಂದ ಮೆಲ್ಲಗೆ ಎಬ್ಬಿಸುತ್ತಾರೆ. ಹಲ್ಲು ಚೂರಾಗಿ ಬಂದರೆ ವೈದ್ಯರಿಗೆ ಕೈಲಾಗಲಿಲ್ಲ ಎಂದುಕೊಳ್ಳಬೇಕಿಲ್ಲ. ಹಲ್ಲು ಒಡೆದಷ್ಟೂ ಮೂಳೆ ಉಳಿಯುತ್ತದೆ.

ಕುಳಿಯನ್ನು ತೊಳೆದು, ಮೂಳೆಯ ಚೂಪು ಅಂಚುಗಳನ್ನು ನಯಗೊಳಿಸಿ, ಒಸಡನ್ನು ಸ್ವಸ್ಥಾನಕ್ಕೆ ತಂದು ಎರಡು ಮೂರು ಹೊಲಿಗೆ ಹಾಕುತ್ತಾರೆ. ಮೇಲಿನ ಹಲ್ಲು ಕೆಲವೇ ನಿಮಿಷಗಳಲ್ಲಿ ಮುಗಿಯುವುದುಂಟು. ಆಳಕ್ಕೆ ಹುದುಗಿದ ಕೆಳಗಿನ ಹಲ್ಲು ಒಂದು ಗಂಟೆಯನ್ನೂ ತೆಗೆದುಕೊಳ್ಳಬಹುದು.

ಕುಳಿಯಲ್ಲಿ ನಿಂತ ರಕ್ತವೇ ಮದ್ದು

ಹಲ್ಲು ಕಿತ್ತ ಜಾಗದಲ್ಲಿ ಒಂದು ಕುಳಿ ಉಳಿಯುತ್ತದೆ. ಅದರಲ್ಲಿ ರಕ್ತ ತುಂಬಿ, ಕೆಲವು ನಿಮಿಷಗಳಲ್ಲಿ ಮೆತ್ತಗಿನ ಕಡುಗೆಂಪು ಹೆಪ್ಪಾಗಿ ನಿಲ್ಲುತ್ತದೆ. ಬೆತ್ತಲಾದ ಮೂಳೆಗೆ ಅದೇ ಹೊದಿಕೆ, ಹೊಸ ಅಂಗಾಂಶ ಬೆಳೆದು ಹತ್ತಲು ಅದೇ ಚಪ್ಪರ. ಚೇತರಿಕೆಯ ನಿಯಮಗಳೆಲ್ಲ ಬಹುತೇಕ ಈ ಹೆಪ್ಪನ್ನು ಕದಲದಂತೆ ಉಳಿಸಿಕೊಳ್ಳುವ ನಿಯಮಗಳೇ. ಆಗಷ್ಟೇ ನಾಟಿ ಮಾಡಿದ ಗದ್ದೆಯಲ್ಲಿ ಸಸಿ ಬೇರು ಹಿಡಿಯುವವರೆಗೆ ಯಾರೂ ಕಾಲಿಡುವುದಿಲ್ಲ, ಹಾಗೆ.

ಮೊದಲ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ ಗಾಜ್ ತುಂಡನ್ನು ಬಿಗಿಯಾಗಿ ಕಚ್ಚಿ ಹಿಡಿಯಬೇಕು. ನಡುನಡುವೆ ತೆಗೆದು ನೋಡಬಾರದು. ಉಗುಳು ಬಂದರೆ ನುಂಗಬೇಕು. ಉಗುಳುವುದು, ಬಾಯಿ ಮುಕ್ಕಳಿಸುವುದು, ಸ್ಟ್ರಾದಲ್ಲಿ ಎಳನೀರು ಹೀರುವುದು ಮೊದಲ 24 ಗಂಟೆ ಪೂರ್ತಿ ನಿಷಿದ್ಧ. ಹೀರಿದಾಗಲೂ ಉಗುಳಿದಾಗಲೂ ಬಾಯಿಯೊಳಗೆ ಉಂಟಾಗುವ ಸೆಳೆತ ಹೆಪ್ಪನ್ನು ಕಿತ್ತು ತರುತ್ತದೆ. ಉಗುಳಿನಲ್ಲಿ ತುಸು ಕೆಂಪು ಬೆರೆತಿರುವುದು ಮೊದಲ ದಿನ ಸಹಜ. ಬಾಯಿ ತುಂಬ ಹಸಿ ರಕ್ತ ಬರುತ್ತಿದ್ದರೆ ಹೊಸ ಗಾಜ್ ಮಡಚಿ ಮತ್ತೆ ಅರ್ಧ ಗಂಟೆ ಒತ್ತಿ ಕಚ್ಚಬೇಕು. ಆಗಲೂ ನಿಲ್ಲದಿದ್ದರೆ ವೈದ್ಯರಲ್ಲಿಗೆ ಹೋಗಬೇಕು.

ತುಟಿಯ ಮರಗಟ್ಟು ಇಳಿಯಲು ಮೂರರಿಂದ ಐದು ಗಂಟೆ ಹಿಡಿಯುತ್ತದೆ. ಅಲ್ಲಿಯವರೆಗೆ ಬಿಸಿ ಚಹಾ ಕುಡಿದರೆ ಸುಟ್ಟದ್ದೂ ತಿಳಿಯುವುದಿಲ್ಲ, ತುಟಿ ಕಚ್ಚಿಕೊಂಡದ್ದೂ ತಿಳಿಯುವುದಿಲ್ಲ. ನೋವಿನ ಮೊದಲ ಮಾತ್ರೆಯನ್ನು ಮರಗಟ್ಟು ಬಿಡುವ ಮುನ್ನವೇ, ಹೊಟ್ಟೆಗೆ ಏನಾದರೂ ಹಾಕಿಕೊಂಡು ನುಂಗುವುದು ಒಳ್ಳೆಯದು. ಸಾಮಾನ್ಯವಾಗಿ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಬರೆಯುತ್ತಾರೆ. ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು, ಆಸ್ತಮಾ ಇರುವವರು ಎರಡನೆಯದನ್ನು ಕೇಳದೆ ತೆಗೆದುಕೊಳ್ಳಬಾರದು. ಆ್ಯಸ್ಪಿರಿನ್ ರಕ್ತಸ್ರಾವ ಹೆಚ್ಚಿಸುವುದರಿಂದ ಅದನ್ನು ನೋವಿಗೆಂದು ನುಂಗಬಾರದು. ಆ್ಯಂಟಿಬಯಾಟಿಕ್ ಎಲ್ಲರಿಗೂ ಬೇಕಾಗುವುದಿಲ್ಲ. ಬರೆದುಕೊಟ್ಟಿದ್ದರೆ ಹೇಳಿದಷ್ಟು ದಿನ ಪೂರ್ತಿ ಮುಗಿಸಬೇಕು. ಅದರಲ್ಲಿ ಮೆಟ್ರೊನಿಡಜೋಲ್ ಇದ್ದರೆ ಮದ್ಯ ಮುಟ್ಟಬಾರದು. ಉಪವಾಸದ ವ್ರತ, ರಂಜಾನ್ ರೋಜಾ ಇರುವ ದಿನಗಳಾದರೆ ಮಾತ್ರೆಯ ಹೊತ್ತು ಹೊಂದುವುದಿಲ್ಲ; ದಿನ ಗೊತ್ತುಮಾಡುವಾಗಲೇ ಅದನ್ನು ಯೋಚಿಸಬೇಕು.

ಮೊದಲ ದಿನ ಗಲ್ಲದ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್ ಇಡುತ್ತ, ತೆಗೆಯುತ್ತ ಇರಬೇಕು. ಒಂದು ಸಲಕ್ಕೆ 15–20 ನಿಮಿಷ ಸಾಕು. ಮಲಗುವಾಗ ತಲೆಯಡಿ ಎರಡು ದಿಂಬು ಇರಲಿ. ಬಾವು ಮೊದಲ ದಿನಕ್ಕಿಂತ ಎರಡನೇ, ಮೂರನೇ ದಿನ ಹೆಚ್ಚು ಕಾಣುತ್ತದೆ. ಇದು ಗೊತ್ತಿಲ್ಲದ ಮನೆಯವರು ‘ಏನೋ ಕೆಟ್ಟಿತು’ ಎಂದು ಗಾಬರಿಯಾಗುತ್ತಾರೆ. ಮೂರನೇ ದಿನದ ನಂತರ ಅದು ಇಳಿಯುತ್ತ ಬರುತ್ತದೆ. ಎರಡನೇ ದಿನದಿಂದ ಐಸ್ ಬಿಟ್ಟು, ಬೆಚ್ಚನೆಯ ಬಟ್ಟೆ ಒತ್ತಿದರೆ ಬಿಗಿದ ದವಡೆ ಸಡಿಲವಾಗುತ್ತದೆ. ಗಲ್ಲದ ಮೇಲೆ ನೀಲಿ, ಹಳದಿ ಕಲೆ ಕಂಡರೆ ಅದು ಚರ್ಮದಡಿ ಇಳಿದ ರಕ್ತ, ವಾರದಲ್ಲಿ ಮಾಯವಾಗುತ್ತದೆ.

ಎರಡನೇ ದಿನದಿಂದ ಒಂದು ಲೋಟ ಉಗುರುಬೆಚ್ಚನೆ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಊಟವಾದ ಮೇಲೆಲ್ಲ ಬಾಯಲ್ಲಿ ಹಿಡಿದು, ತಲೆ ಅತ್ತಿತ್ತ ವಾಲಿಸಿ, ಮೆಲ್ಲಗೆ ಹೊರಬಿಡಬೇಕು. ಗಳಗಳ ಮುಕ್ಕಳಿಸುವುದು ಬೇಡ. ಉಳಿದ ಹಲ್ಲುಗಳನ್ನು ಬ್ರಷ್‌ನಿಂದ ಎಂದಿನಂತೆ ಉಜ್ಜಬೇಕು. ಗಾಯದ ಜಾಗ ಮಾತ್ರ ಬಿಡಬೇಕು. ಬೇವಿನ ಕಡ್ಡಿ, ಇದ್ದಿಲ ಪುಡಿ, ತಂಬಾಕಿನ ಹಲ್ಲುಪುಡಿ ಗಾಯ ಮಾಯುವವರೆಗೆ ಹತ್ತಿರ ಸುಳಿಯಬಾರದು.

ತಟ್ಟೆಯಲ್ಲಿ ಏನಿರಬೇಕು

ಈ ಸೀಮೆಯ ಊಟ ಎಂದರೆ ಜೋಳದ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ, ಅಗಸಿ ಚಟ್ನಿ, ಹಸಿ ಈರುಳ್ಳಿ. ಹಲ್ಲು ಕೀಳಿಸಿದ ವಾರ ಇವು ದೂರವಿರಬೇಕು. ಕಟಿ ರೊಟ್ಟಿಯ ಚೂರು ಹೊಲಿಗೆಗೆ ತಾಗುತ್ತದೆ. ಅಗಸಿ, ಎಳ್ಳು, ಶೇಂಗಾದ ಸಣ್ಣ ಕಣಗಳು ಕುಳಿಯೊಳಗೆ ಕೂತರೆ ಬೇಗ ಹೊರಬರುವುದಿಲ್ಲ. ಮಿರ್ಚಿ ಭಜಿ, ಮಂಡಾಳು, ಚುರುಕು ಖಾರದ ಸಾರು ಕೂಡ ಬೇಡ.

ಬದಲಿಗೆ ಹೊಂದುವ ಆಹಾರಕ್ಕೂ ಇಲ್ಲಿನ ಅಡುಗೆಮನೆಯಲ್ಲಿ ಬಡತನವಿಲ್ಲ. ಮೊದಲ ದಿನ ತಣ್ಣಗಿನ ಮಜ್ಜಿಗೆ, ಆರಿಸಿದ ಜೋಳದ ಅಂಬಲಿ, ರಾಗಿ ಗಂಜಿ, ಹಾಲು. ಲೋಟ ಎತ್ತಿ ಕುಡಿಯಬೇಕು, ಹೀರಬಾರದು. ಎರಡನೇ ದಿನದಿಂದ ಸೋನಾ ಮಸೂರಿ ಅನ್ನವನ್ನು ಮಾಮೂಲಿಗಿಂತ ಹೆಚ್ಚು ನೀರಿಟ್ಟು ಮೆತ್ತಗೆ ಬೇಯಿಸಿ, ಮೊಸರಿನಲ್ಲೋ ತಿಳಿಯಾದ ತೊಗರಿಬೇಳೆ ಕಟ್ಟಿನಲ್ಲೋ ಕಲಸಿ ಕೊಡಬಹುದು. ಗೋಧಿ ರವೆಯ ಸಜ್ಜಕ, ಮಾಗಿದ ಬಾಳೆಹಣ್ಣು, ಬೇಯಿಸಿ ಹಿಸುಕಿದ ಮೊಟ್ಟೆ ಶಕ್ತಿಗೆ ಒಳ್ಳೆಯವು. ನಾಲ್ಕೈದು ದಿನ ಕಳೆದ ಮೇಲೆ ಮೆತ್ತನೆಯ ಬಿಸಿ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಕೀಳಿಸದ ಬದಿಯಲ್ಲಿ ಅಗಿಯಬಹುದು. ಸಕ್ಕರೆ ಕಾಯಿಲೆಯವರು ನೋವೆಂದು ಊಟ ಬಿಟ್ಟು ಮಾತ್ರೆಯನ್ನಷ್ಟೇ ನುಂಗಿದರೆ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು. ಸ್ವಲ್ಪ ಸ್ವಲ್ಪವಾಗಿ, ಆಗಾಗ ತಿನ್ನುವುದು ಕ್ಷೇಮ.

ಬೀಡಿ, ಸಿಗರೇಟು, ಗುಟ್ಕಾ, ಎಲೆಅಡಿಕೆ ಕನಿಷ್ಠ ಒಂದು ವಾರ ಬೇಡವೇ ಬೇಡ. ಹೊಗೆಯ ನಿಕೋಟಿನ್ ರಕ್ತನಾಳಗಳನ್ನು ಹಿಡಿದು ಗಾಯಕ್ಕೆ ಬರುವ ರಕ್ತ ತಗ್ಗಿಸುತ್ತದೆ. ದಮ್ಮೆಳೆಯುವ ಸೆಳೆತ ಹೆಪ್ಪನ್ನು ಕೀಳುತ್ತದೆ. ವಾರ ಬಿಟ್ಟವರು ಹಾಗೆಯೇ ಮುಂದುವರಿದು ಪೂರ್ತಿ ಬಿಟ್ಟರೆ ಈ ಹಲ್ಲು ಹೋದದ್ದೂ ಲಾಭವೇ.

ಒಣ ಕುಳಿ ಮತ್ತು ಎಚ್ಚರಿಕೆಯ ಗುರುತುಗಳು

ನೋವು ದಿನದಿನಕ್ಕೆ ಇಳಿಯುವುದು ಸರಿಯಾದ ದಾರಿ. ಎರಡು ದಿನ ಇಳಿದು, ಮೂರನೆಯ ಅಥವಾ ನಾಲ್ಕನೆಯ ದಿನ ಇದ್ದಕ್ಕಿದ್ದಂತೆ ಕಿವಿ, ಕಣತಲೆಯವರೆಗೆ ಸಿಡಿಯುವ ನೋವಾಗಿ ತಿರುಗಿ, ಬಾಯಲ್ಲಿ ಕೆಟ್ಟ ರುಚಿ, ದುರ್ವಾಸನೆ ಬಂದರೆ ಅದು ಒಣ ಕುಳಿಯ ಲಕ್ಷಣ. ಹೆಪ್ಪು ಕರಗಿಯೋ ಕಿತ್ತುಹೋಗಿಯೋ ಮೂಳೆ ಬೆತ್ತಲಾಗಿರುತ್ತದೆ. ಈ ಸ್ಥಿತಿಯನ್ನು 1896ರಲ್ಲಿ ಕ್ರಾಫರ್ಡ್ ಎಂಬ ವೈದ್ಯರು ಮೊದಲು ವಿವರಿಸಿದರು. ಸಾಮಾನ್ಯ ಹಲ್ಲು ಕೀಳಿಸಿದ ನೂರರಲ್ಲಿ ಒಂದರಿಂದ ಐದು ಪ್ರಸಂಗಗಳಲ್ಲಿ ಬರುವ ಇದು, ಕೆಳಗಿನ ಸಿಕ್ಕಿಬಿದ್ದ ಬುದ್ಧಿಹಲ್ಲಿನಲ್ಲಿ ಅದಕ್ಕಿಂತ ಹಲವು ಪಟ್ಟು ಹೆಚ್ಚು. ಹೊಗೆ ಸೇದುವವರಲ್ಲಿ, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರಲ್ಲಿ ಸಾಧ್ಯತೆ ಹೆಚ್ಚು. ವೈದ್ಯರು ಕುಳಿಯನ್ನು ತೊಳೆದು, ಯುಜಿನಾಲ್ ಇರುವ ಔಷಧದ ಪಟ್ಟಿ ಇಟ್ಟರೆ ನೋವು ಬೇಗ ತಗ್ಗುತ್ತದೆ. ಮನೆಯಲ್ಲೇ ಸಹಿಸಿಕೊಂಡು ರಾತ್ರಿ ಕಳೆಯುವ ಅಗತ್ಯವಿಲ್ಲ.

ಮರುದಿನವೂ ತುಟಿ, ಗದ್ದ ಅಥವಾ ನಾಲಿಗೆಯ ಅಂಚು ಜೋಮುಗಟ್ಟಿದಂತೆಯೇ ಇದ್ದರೆ ವೈದ್ಯರಿಗೆ ತಿಳಿಸಬೇಕು. ನರಕ್ಕೆ ಒತ್ತಡ ಬಿದ್ದಿರಬಹುದು. ಹೆಚ್ಚಿನವರಲ್ಲಿ ಅದು ವಾರಗಳಲ್ಲಿ, ಕೆಲವರಲ್ಲಿ ತಿಂಗಳುಗಳಲ್ಲಿ ಸರಿಹೋಗುತ್ತದೆ. ಶಾಶ್ವತವಾಗಿ ಉಳಿಯುವುದು ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ. ಮೇಲಿನ ಹಲ್ಲು ತೆಗೆದ ಮೇಲೆ ಕುಡಿದ ನೀರು ಮೂಗಿನಲ್ಲಿ ಬಂದರೆ ಗಲ್ಲದ ಒಳಗಿನ ಗಾಳಿಗೂಡಿಗೆ ರಂಧ್ರವಾಗಿದೆ ಎಂದರ್ಥ. ಮೂಗು ಜೋರಾಗಿ ಸೀನದೆ ಆಸ್ಪತ್ರೆಗೆ ಮರಳಬೇಕು. ಮೂರನೇ ದಿನದ ಮೇಲೂ ಬಾವು ಏರುತ್ತಿದ್ದರೆ, ಜ್ವರ ಬಂದರೆ, ಕೀವು ಕಂಡರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ತಡಮಾಡಬಾರದು.

ಮಾಯುವ ಕ್ರಮ

ತಾನಾಗಿ ಕರಗದ ದಾರವಾದರೆ ಸುಮಾರು 7 ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ. ಅಷ್ಟು ಹೊತ್ತಿಗೆ ಹೆಪ್ಪಿನ ಜಾಗದಲ್ಲಿ ಹೊಸ ಮೃದು ಅಂಗಾಂಶ ತುಂಬತೊಡಗಿರುತ್ತದೆ. ಬಿಗಿದ ಬಾಯಿಯನ್ನು ದಿನಕ್ಕೆ ಕೆಲವು ಸಲ ಮೆಲ್ಲಗೆ ತೆರೆದು ಮುಚ್ಚುವ ವ್ಯಾಯಾಮ ಮಾಡಿದರೆ ಒಂದೆರಡು ವಾರಗಳಲ್ಲಿ ಮೂರು ಬೆರಳಿನಷ್ಟು ತೆರೆಯುತ್ತದೆ. ಮೂರು ನಾಲ್ಕು ವಾರಗಳಲ್ಲಿ ಒಸಡು ಮೇಲೆ ಮುಚ್ಚಿಕೊಳ್ಳುತ್ತದೆ. ತಗ್ಗು ಇನ್ನೂ ಕೆಲಕಾಲ ಇರುತ್ತದೆ. ಅದರಲ್ಲಿ ಅನ್ನ ಕೂತರೆ ಉಪ್ಪುನೀರು ಸಾಕು, ಕಡ್ಡಿಯಿಂದ ಕೆದಕಬಾರದು. ಒಳಗಿನ ಕುಳಿಯಲ್ಲಿ ಹೊಸ ಮೂಳೆ ತುಂಬಿ ಗಟ್ಟಿಯಾಗಲು ಆರು ತಿಂಗಳ ಹತ್ತಿರ ಬೇಕು.

ತೆಗೆದ ಬುದ್ಧಿಹಲ್ಲಿನ ಜಾಗಕ್ಕೆ ಕಟ್ಟಿಸಿದ ಹಲ್ಲು ಬೇಕಾಗುವುದಿಲ್ಲ. ನಾಲ್ಕೂ ಹೋದರೂ ಉಳಿಯುವ 28 ಹಲ್ಲುಗಳು ಗಟ್ಟಿ ರೊಟ್ಟಿಯನ್ನೂ ಅಗಿಯಲು ಸಾಲುತ್ತವೆ. ಕೊನೆಯ ಹಲ್ಲು ಹೋದ ಮೇಲೆ ಅದರ ಮುಂದಿನದೇ ಸಾಲಿನ ಕೊನೆಯಾಗುತ್ತದೆ. ಇಷ್ಟು ದಿನ ಬುದ್ಧಿಹಲ್ಲಿನ ಮರೆಯಲ್ಲಿದ್ದ ಅದರ ಹಿಂಬದಿಗೆ ಬ್ರಷ್ ಈಗ ತಲುಪುತ್ತದೆ. ದಿನಾ ಎರಡು ಸಲ ತಲುಪಿಸಬೇಕು.